ಭೋಗಿಯ ದಿನ ಮುಚ್ಚಿದ ಬೆಳಕಿಂಡಿ

ಮಾಸ್ತರರ ಕೋಣೆಯ ಬೆಳಕಿಂಡಿಯನ್ನು ಮುಚ್ಚಿದವನು ನಾನು. ಇದರಲ್ಲಿ ಸಂಶಯವಿಲ್ಲ. ಆದರೆ ಆಮೇಲೆ ನಾನು ಆಡಿದ ಮಾತು ಸುಳ್ಳೋ, ನನಗೇ ಆದ ಭ್ರಮೆಯೋ — ಅದು ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಗೊತ್ತುಮಾಡಿಕೊಳ್ಳಲು ನಾನು ಹೋಗಲಿಲ್ಲ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಚಳಿಗಾಲ ಅದು. ನಾನು ಹೈದರಾಬಾದಿನಲ್ಲಿ ಬಿ.ಎಸ್‌ಸಿ. ಮುಗಿಸಿ ಮನೆಯಲ್ಲಿದ್ದೆ, ಕೆಲಸವಿರಲಿಲ್ಲ, ಎಲ್ಲದರ ಮೇಲೂ ಅಭಿಪ್ರಾಯವಿತ್ತು. ಗಾಂಧಿ ಗಂಜದಲ್ಲಿ ತೊಗರಿಯ ಅಂಗಡಿ ಇಟ್ಟಿದ್ದ ಅಪ್ಪ, ಕನ್ನಡ ಕಲಿಸಲು ಮೈಸೂರಿನ ಕಡೆಯಿಂದ ಬಂದ ಮಾಸ್ತರರೊಬ್ಬರನ್ನು ಹಟ ಹಿಡಿದು ನಮ್ಮ ಮನೆಗೇ ಕರೆತಂದಿದ್ದರು. ಇಷ್ಟು ದಿನಕ್ಕೆ ನಮ್ಮ ಭಾಷೆಯ ಸರಕಾರ ಬಂತು ಎಂಬ ಹಿಗ್ಗು ಅವರದು. ಬೀದಿಯ ಕಡೆಗಿನ ಕೋಣೆಯನ್ನು ಸಾರಿಸಿ, ಸುಣ್ಣ ಬಳಿದು ಕೊಟ್ಟೆವು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಕೋಣೆಗೊಂದು ಬೆಳಕಿಂಡಿ — ಮಾಳಿಗೆಯಲ್ಲಿ ಮೊಳದಗಲದ ತೂತು, ಅದರ ಮೇಲೆ ಸರಿಸಲು ಬರುವ ಚಪ್ಪಡಿ ಕಲ್ಲು. ಆ ಮನೆಯನ್ನು ಬೇಸಿಗೆಯಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ ಇಡುತ್ತಿದ್ದವನು ಕಮಠಾಣದ ಧೂಳಪ್ಪ. ಬೇಸಿಗೆಗೆ ಮುಂಚೆ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟುತ್ತಿದ್ದ. ಮಳೆಗೆ ಮುಂಚೆ ಮಾಳಿಗೆಗೆ ಸವಳು ಮಣ್ಣು ಮೆತ್ತುತ್ತಿದ್ದ. ಚಳಿಗೆ ಬೆಳಕಿಂಡಿಗಳನ್ನೆಲ್ಲ ಮುಚ್ಚಿ, ಕಾಯಿಸಿಕೊಳ್ಳಲು ಕೆಂಡದ ಶೇಗಡಿ ಇಡುವ ಕೋಣೆಯದನ್ನು ಮಾತ್ರ ನಾಲ್ಕು ಬೆರಳು ಬಿಡುತ್ತಿದ್ದ. ಆ ಸಂದಿಯಲ್ಲಿ ಹಳೆಯ ಧೋತರದ ಒಂದು ಚಿಂದಿ ಇಳಿಬಿಡುತ್ತಿದ್ದ. ಕೋಣೆಯೊಳಗೆ ಕೆಂಡ ಇಟ್ಟ ಮೇಲೆ ಆ ಚಿಂದಿ ಅಲುಗಬೇಕು. ಅಲುಗದಿದ್ದರೆ ಅವ್ವನನ್ನು ಕೂಗಿ ಶೇಗಡಿ ಹೊರಗೆ ತೆಗೆಸುತ್ತಿದ್ದ. ಬೀದರಿನಲ್ಲಿ ಹೀಗೆ ಹತ್ತಿಪ್ಪತ್ತು ಮನೆ ಅವನ ಕೈಯಲ್ಲಿದ್ದವು. ಕೀಲಿ ಕೇಳದೆ ಮಾಳಿಗೆ ಏರಿ ಬರುವಷ್ಟು ನಂಬಿಕೆ.

ಮಾಸ್ತರರಿಗೆ ನಮ್ಮೂರಿನ ಚಳಿ ತಡೆಯಲಿಲ್ಲ. "ಏನ್ರೀ ಇದು, ಬಾಗಿಲು ಭದ್ರವಾಗಿ ಹಾಕ್ಕೊಂಡು ನೆತ್ತಿ ಮೇಲೆ ತೂತು ಬಿಟ್ಕೊಂಡಿದೀರಿ?" ಎಂದು ನಗುತ್ತಿದ್ದರು.

"ಮನಿ ಉಸುರಾಡಬೇಕಲ್ರಿ ಮಾಸ್ತರ್ರೆ," ಎನ್ನುತ್ತಿದ್ದ ಧೂಳಪ್ಪ. "ನಿಮ್ಮ ಮೂಗಿಗೆ ಎರಡು ತೂತು ಅವ, ಪಾಪ ಈ ಕ್ವಾಣಿಗಿ ಒಂದss ಅದ."

ನಾನೂ ನಗುತ್ತಿದ್ದೆ — ಧೂಳಪ್ಪನನ್ನು ನೋಡಿ. ಆ ಚಿಂದಿಯನ್ನು ನಾನು ದೃಷ್ಟಿಗೆ ಕಟ್ಟಿದ್ದು ಎಂದುಕೊಂಡಿದ್ದೆ. ಲಿಂಬೆಹಣ್ಣು, ಮೆಣಸಿನಕಾಯಿಯ ಸಾಲಿಗೆ ಸೇರಿಸಿದ್ದೆ. ಕೇಳಿದ್ದರೆ ಹೇಳುತ್ತಿದ್ದ. ನಾನು ಕೇಳಲಿಲ್ಲ, ಮೂಢನಂಬಿಕೆ ಎಂದು ತೀರ್ಮಾನಿಸಿದೆ. ಬಿಸಿ ಗಾಳಿ ಮೇಲೇರುತ್ತದೆ, ಆದ್ದರಿಂದ ಶಾಖವೆಲ್ಲ ಆ ಸಂದಿಯಿಂದ ಸೋರಿಹೋಗುತ್ತದೆ ಎಂದು ಮಾಸ್ತರರಿಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಹೊಗೆಯಾಡದ ಕೆಂಡದಿಂದ ಅಪಾಯವಿಲ್ಲವೆಂದೂ ಹೇಳಿದೆ. ಅಪಾಯ ಯಾವುದರಿಂದ ಎಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಪುಸ್ತಕದ ಆ ಬಣ್ಣ–ವಾಸನೆಯಿಲ್ಲದ ವಿಷಾನಿಲ ನಮ್ಮ ಅವ್ವನ ಶೇಗಡಿಯಲ್ಲಿ ಇರಬಹುದೆಂದು...

ಸಂಕ್ರಮಣದ ಹಿಂದಿನ ದಿನ, ಭೋಗಿ. ಮಾಸ್ತರರಿಗೆ ನೆಗಡಿ, ಜ್ವರ. ಶಾಲೆಗೆ ಹೋಗದೆ, ಬಾಗಿಲು ಹಾಕಿಕೊಂಡು ಶೇಗಡಿಯ ಹತ್ತಿರ ಕುಳಿತಿದ್ದರು. ಬೆಳಿಗ್ಗೆ ನಾನು ಮಾಳಿಗೆ ಏರಿದೆ. ಚಿಂದಿಯನ್ನು ಕಿತ್ತು ಬೀದಿಗೆ ಎಸೆದೆ. ಚಪ್ಪಡಿಯನ್ನು ಪೂರ್ತಿ ಎಳೆದು, ಧೂಳಪ್ಪ ಮೂಲೆಯಲ್ಲಿ ಗುಡ್ಡೆ ಹಾಕಿಟ್ಟಿದ್ದ ಮಣ್ಣನ್ನು ಕಲಸಿ ಅಂಚಿಗೆಲ್ಲ ಮೆತ್ತಿದೆ. ಕೆಲಸ ಚೆನ್ನಾಗಿ ಬಂತೆಂದು ಖುಷಿಪಟ್ಟದ್ದು ನೆನಪಿದೆ.

ಮಧ್ಯಾಹ್ನ ಅವ್ವ ಸಜ್ಜೆ ರೊಟ್ಟಿ, ಭಜ್ಜಿ ಮಾಡಿ ಮಾಸ್ತರರನ್ನು ಊಟಕ್ಕೆ ಕರೆಯಲು ಕಳಿಸಿದಳು. ಕೂಗಿದೆ. ಉತ್ತರವಿಲ್ಲ. ಬಾಗಿಲು ತಳ್ಳಿದೆ. ಅವರು ಕುರ್ಚಿಯಿಂದ ಜಾರಿ ಗೋಡೆಗೆ ಒರಗಿದ್ದರು, ಬಾಯಿಯಿಂದ ಜೊಲ್ಲು ಇಳಿದಿತ್ತು. ಮುಖ ಕೆಂಪಗಿತ್ತು — ಆರೋಗ್ಯವಂತರ ಮುಖದಷ್ಟು ಕೆಂಪು. ಶೇಗಡಿಯಲ್ಲಿ ಹೊಗೆಯ ಎಳೆಯೂ ಇರಲಿಲ್ಲ.

ಅಂಗಳಕ್ಕೆ ಎಳೆದೆವು. ಟಾಂಗಾದಲ್ಲಿ ಡಾಕ್ಟರರು ಬಂದರು. ಮಾಸ್ತರರು ಉಳಿದರು. ಆದರೆ ಎರಡು ದಿನ ಯಾರ ಗುರುತೂ ಹತ್ತಲಿಲ್ಲ. ಆಮೇಲೂ ಬಲಗೈ ನಡುಗುತ್ತಿತ್ತು. ಹಲಗೆಯ ಮೇಲೆ ಬರೆಯಬೇಕಾದ ಕೈ. ಅವರ ತಮ್ಮ ಬಂದು ಊರಿಗೆ ಕರೆದುಕೊಂಡು ಹೋದರು. ತಿರುಗಿ ಬರಲಿಲ್ಲ.

ಅಪ್ಪ ಮಾಳಿಗೆ ಏರಿ ನೋಡಿದರು. ಅಂಚಿಗೆ ಮೆತ್ತಿದ ಮಣ್ಣು ನೋಡಿ, ಇದು ಕಸುಬುದಾರನ ಕೈ ಎಂದರು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಆಗಲೇ ಹೇಳಬಹುದಿತ್ತು.

ಸಂಕ್ರಮಣದ ಮರುದಿನ ಧೂಳಪ್ಪ ಎಳ್ಳು–ಬೆಲ್ಲ ಕೊಡಲು ಬಂದ. ಅಪ್ಪ ಅಂಗಳದಲ್ಲೇ ತಡೆದರು.

"ಕ್ವಾಣಿ ಬೆಳಕಿಂಡಿ ಯಾಕ ಮುಚ್ಚಿದಿ?"

"ನಾ ಎಲ್ಲಿ ಮುಚ್ಚಲಿರಿ ಸಾವ್ಕಾರ್ರೆ? ಐದಾರ್ ದಿನ ಆತು ನಾ ಔರಾದದಾಗ ಇದ್ದೆ. ಅಲ್ಲಿ ಸಾಲಿ ಮಾಳಗಿ ಕೆಲಸ ಇತ್ತು."

"ಔರಾದಕ್ಕ ಹೋಗಾಂವ ಹೇಳಿ ಹೋಗಬೇಕಿಲ್ಲ?"

"ಹೇಳೀನಲ್ರಿ. ಸಣ್ಣ ಸಾವ್ಕಾರ್ರಿಗಿ ಹೇಳೇ ಹೋಗೀನಿ. ಕೇಳ್ರಿ ಬೇಕಾದ್ರ."

ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಭಯವಿರಲಿಲ್ಲ. ನಾನು ಹೌದು ಎನ್ನುತ್ತೇನೆಂದು ಅವನಿಗೆ ಖಾತ್ರಿಯಿತ್ತು. ಬೀದಿಯ ನಾಲ್ಕು ಜನ ಬಾಗಿಲಲ್ಲಿ ನಿಂತಿದ್ದರು.

ಅಪ್ಪ ಕೇಳಿದರು, "ಹೇಳ್ಯಾನೇನು ನಿನಗ?"

ನಾನೆಂದೆ, "ನೆನಪಿಲ್ಲಪ್ಪ. ಭೋಗಿ ದಿನ ಮುಂಜಾನಿ ಧೂಳಪ್ಪ ಕಾಕಾನ್ನ ಮಾಳಗಿ ಮ್ಯಾಲ ನೋಡಿದಾಂಗ ಅದ."

ನೋಡಿದಾಂಗ ಅದ. ನೋಡಿದೆ ಎನ್ನಲಿಲ್ಲ — ಈ ವ್ಯತ್ಯಾಸವನ್ನು ನಾನು ವರ್ಷಗಟ್ಟಲೆ ಹಿಡಿದುಕೊಂಡಿದ್ದೆ. ಅಂಗಳದಲ್ಲಿ ನಿಂತವರಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಧೂಳಪ್ಪ "ಆತು ಬಿಡ್ರಿ," ಎಂದ. ಎಳ್ಳು–ಬೆಲ್ಲದ ಪುಡಿಕೆಯನ್ನು ಅವ್ವನ ಕೈಗೆ ಕೊಟ್ಟು ಹೋದ.

ಮೈಸೂರಿನಿಂದ ಬಂದ ಮಾಸ್ತರನನ್ನು ಕೊಲ್ಲಲು ಹೋದ ಎಂಬ ಮಾತು ಒಂದು ವಾರದಲ್ಲಿ ಊರು ಸುತ್ತಿತು. ಬೇಸಿಗೆ ಬಂದಾಗ ಯಾವ ಮನೆಯೂ ಅವನನ್ನು ತಟ್ಟಿ ಕಟ್ಟಲು ಕರೆಯಲಿಲ್ಲ. ಕೆಲವು ದಿನ ಗಾಂಧಿ ಗಂಜದಲ್ಲಿ ಮೂಟೆ ಹೊತ್ತ. ಒಮ್ಮೆ ನನಗೆ ಎದುರಾದ. "ಆರಾಮ ಇದ್ದೀರ್ರಿ?" ಎಂದು ಕೇಳಿದ. ನಾನು ತಲೆ ಆಡಿಸಿದೆ. ಆಮೇಲೆ ಹೆಂಡತಿ, ಮಗಳನ್ನು ಕರೆದುಕೊಂಡು ಭಾಲ್ಕಿಗೆ ಹೋದನೆಂದು ಕೇಳಿದೆ.

ಇಲ್ಲಿಂದ ನನ್ನ ನೆನಪು ತನ್ನ ಕೆಲಸ ಶುರುಮಾಡಿತು. ಆ ಭೋಗಿಯ ಬೆಳಿಗ್ಗೆ ಧೂಳಪ್ಪ ನಿಜವಾಗಿಯೂ ಮಾಳಿಗೆಯ ಮೇಲೆ ಕಾಣತೊಡಗಿದ. ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ, ತಲೆಗೆ ಕೆಂಪು ರುಮಾಲು, ಬೆನ್ನಿಗೆ ಎಳೆಬಿಸಿಲು. ವರ್ಷ ಕಳೆದಂತೆ ಚಿತ್ರ ಮಸುಕಾಗಲಿಲ್ಲ, ತಿಳಿಯಾಯಿತು. ಯಾರಿಗೆ ಗೊತ್ತು — ನಾನು ಇಳಿದ ಮೇಲೆ ಅವನು ಬಂದಿರಬಹುದು. ಮುಚ್ಚಿದ್ದನ್ನು ನೋಡಿಯೂ ಬಿಟ್ಟಿರಬಹುದು. ಹಾಗಿದ್ದರೆ ತಪ್ಪಿನಲ್ಲಿ ಅರ್ಧ ಅವನದೂ... ಔರಾದಕ್ಕೆ ಹೋಗುತ್ತೇನೆಂದು ಹೇಳಿದ್ದನೆ? ನಾನು ಓದುತ್ತ ಕುಳಿತಿದ್ದಾಗ ಏಣಿಯ ಮೇಲಿಂದ ಏನೋ ಹೇಳಿದ್ದ. ಏನು ಹೇಳಿದ ಎಂಬುದು ಇಲ್ಲ. ದನಿ ಮಾತ್ರ ಇದೆ.

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದೆ. ನೋಡದೆ ನಂಬಬೇಡಿ ಎಂದು ಹುಡುಗರಿಗೆ ಹೇಳಿದೆ. ದೇವರನ್ನು, ಜಾತಕವನ್ನು, ಪತ್ರಿಕೆಯ ಸುದ್ದಿಯನ್ನು ಅನುಮಾನಿಸಿದೆ. ಔರಾದ ಬೀದರಿನಿಂದ ಒಂದು ಬಸ್ಸಿನ ದಾರಿ. ಆ ಬಸ್ಸು ಹತ್ತಲಿಲ್ಲ.

ನಿವೃತ್ತನಾದ ಮೇಲೆ ಭಾಲ್ಕಿಗೆ ಹೋದೆ. ಧೂಳಪ್ಪ ತೀರಿಕೊಂಡು ಬಹಳ ದಿನವಾಗಿತ್ತು. ಮಗಳು ಶಾಂತಾಬಾಯಿ ನನ್ನನ್ನು ಕೂರಿಸಿ ಚಹಾ ಮಾಡಿದಳು. ಬೆಳಕಿಂಡಿ ಮುಚ್ಚಿದವನು ನಾನೆಂದು ಹೇಳಿದೆ. ಅವಳ ಕೈಯಲ್ಲಿ ಚಹಾದ ಬಸಿ ಹಾಗೇ ನಿಂತಿತು.

"ಅಪ್ಪಗ ಗೊತ್ತಿತ್ತರಿ," ಎಂದಳು. "ಅವತ್ತ ರಾತ್ರಿ ನಿಮ್ಮ ಮಾಳಗಿ ಏರಿ, ಮಣ್ಣು ಮೆತ್ತಿದ್ದ ಬೆರಳಿನ ಗುರ್ತು ನೋಡ್ಯಾನಂತ. ಹೊಸಬರ ಬೆರಳು ಅಂತಿದ್ದ. ನಿಮ್ಮ ಹೆಸರು ಮಾತ್ರ ಎಂದೂ ತಗೀಲಿಲ್ಲ."

"ಯಾಕ ತಗೀಲಿಲ್ಲ?"

"ಅದು ನನಗೇನ ಗೊತ್ತರಿ? ನೀವಾದ್ರೂ ಅಂವ ಇದ್ದಾಗ ಬಂದು ಕೇಳಬೇಕಿತ್ತು." ಬಸಿ ನನ್ನ ಮುಂದಿಟ್ಟು ಅಂದಳು, "ಮುಂದ ಯಾರ ಮಾಳಗೀನೂ ಏರಲಿಲ್ಲ. ನಮ್ಮ ಮನಿ ಸೋರಿದ್ರೂ ಮಂದೀನ್ನ ಕರಸ್ತಿದ್ದ."

ನಾನು ಮಾಡಿದ ತಪ್ಪು ಅಜ್ಞಾನದಿಂದಾದದ್ದು, ಅದಕ್ಕೆ ಒಂದು ಮಿತಿಯಿದೆ. ಆಡಿದ ಮಾತಿಗೆ ಮಿತಿಯಿರಲಿಲ್ಲ. ಅದು ಒಬ್ಬನ ಕೈಕಸುಬನ್ನೇ ತಿಂದುಹಾಕಿತು. ಶಾಂತಾಬಾಯಿಯನ್ನು ಕ್ಷಮೆ ಕೇಳಲಿಲ್ಲ. ಕೊಡುವ ಅಧಿಕಾರ ಅವಳದಲ್ಲ. ನಮ್ಮ ಓಣಿಯ ಹಳಬರಿನ್ನೂ ಇದ್ದಾರೆ. ಅವರು ಓದಲೆಂದು ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.

ಭಾಲ್ಕಿಯಿಂದ ಬಂದ ಮರುವಾರ ಔರಾದದ ಬಸ್ಸು ಹತ್ತಿದ್ದೆ. ಧೂಳಪ್ಪ ಹೇಳಿದ್ದ ಶಾಲೆಯ ಹಳೆಯ ದಿನಚರಿಗಳು ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ರಾಜ್ಯ ಬದಲಾಗಿದ್ದರೂ ಆ ವರ್ಷದ್ದನ್ನು ಹೆಡ್ ಮಾಸ್ತರರು ಉರ್ದುವಿನಲ್ಲೇ ಬರೆದಿದ್ದರು. ನನಗೆ ಓದಲು ಬರುತ್ತದೆ. ಸಂಕ್ರಮಣದ ಹಿಂದಿನ ದಿನದ ಪುಟ ತೆಗೆದೆ. ಬರೆದದ್ದು ಇಷ್ಟು: ಮಾಳಿಗೆಯ ಕೆಲಸ ನಾಲ್ಕನೆಯ ದಿನವೂ ನಡೆಯಿತು, ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಲಾಯಿತು, ಕಮಠಾಣದ ಧೂಳಪ್ಪ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಳಿಗೆಯ ಮೇಲಿದ್ದ.