ಗಂಜಿ ಕುಡಿದ ಗಿಟಾರು

ಆಗ ನನಗೆ ಅರವತ್ತಮೂರು. ಏಳು ವರ್ಷದ ಹಿಂದಿನ ಮಾತು. ಇವತ್ತು ನೆನಪಾದದ್ದು ಕುಟ್ಟಾಣಿಯಿಂದ. ಉಂಡ ಮೇಲೆ ಎಲೆ ಅಡಿಕೆ ಕುಟ್ಟೋಣವೆಂದು ಕೈ ಹಾಕಿದರೆ ಹಿತ್ತಾಳೆಯ ಬಟ್ಟಲು ಇದೆ, ಕುಟ್ಟುವ ಕಬ್ಬಿಣದ ಗೂಟ ಇಲ್ಲ. ಹಲ್ಲಿಲ್ಲದವಳಿಗೆ ಗೂಟವೂ ಇಲ್ಲದಿದ್ದರೆ ಅಡಿಕೆ ಬರೀ ಕಲ್ಲು. ಮನೆಯೆಲ್ಲ ಹುಡುಕಿದೆ, ಮನೆಯವರನ್ನು ಬೈದೆ. ಅವರಿಗೆ ಕಿವಿ ಮಂದ, ಬೈದದ್ದು ದಂಡ. ಕೊನೆಗೆ ಗೂಟ ಸಿಕ್ಕಿದ್ದು ಗಿಟಾರಿನ ಚೀಲದಲ್ಲಿ. ಮೂಸಿ ನೋಡಿದೆ. ಸುಣ್ಣ, ಕಾಚು, ತಂತಿಯ ತುಕ್ಕು, ಮೂರೂ ಕೂಡಿ ಒಂದೇ ವಾಸನೆಯಾಗಿತ್ತು.

ನಗುತ್ತೀರಿ, ಗೊತ್ತು. ನಾರಾಯಣಪೇಟೆಯಲ್ಲಿ ಸೀರೆ ನೇಯುವ ಮುದುಕಿಗೆ ಗಿಟಾರೆಲ್ಲಿಯದು ಎಂದು. ನಮ್ಮ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ ಸುಜಾತಾ ಟೀಚರ್ ಬಿಟ್ಟುಹೋದದ್ದು. ಗದ್ವಾಲದ ಹುಡುಗಿ, ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಗದ್ವಾಲದವಳು ಎಂಬ ಒಂದು ಕುಂದು ಬಿಟ್ಟರೆ ಒಳ್ಳೆಯವಳು. ಅವರ ಊರಿನ ಸೀರೆ ದೊಡ್ಡದೋ ನಮ್ಮದು ದೊಡ್ಡದೋ ಎಂದು ಎರಡು ವರ್ಷ ಜಗಳವಾಡಿದೆವು, ಇತ್ಯರ್ಥವಾಗಲಿಲ್ಲ. ದಸರೆಯ ಹೊತ್ತಿಗೆ ಅವಳಿಗೆ ಊರಿಗೇ ವರ್ಗವಾಯಿತು. ಹೋಗುವ ದಿನ ಹೊಸ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಹಳೆಯದನ್ನು ತಂದು ನನ್ನ ಮಗ್ಗದ ಪಕ್ಕ ನಿಲ್ಲಿಸಿದಳು.

"ಇದನ್ನ ನೀವಿಟ್ಟುಕೊಳ್ರಿ ಅಮ್ಮಾ. ಕುತ್ತಿಗಿ ಬಾಗೈತಿ. ತಂತಿ ಮ್ಯಾಲಕ್ಕೆದ್ದಾವ, ಬೆರಳಿಲೆ ಒತ್ತಾಕ ಆಗಲ್ಲ."

"ಮತ್ತ ನಾ ಏನ್ ಮಾಡಲಿ ಇದನ್ನ? ಒಲಿಗಿ ಹಾಕಲಿ?"

"ತೊಡಿ ಮ್ಯಾಲ ಮಲಗಿಸ್ರಿ. ಕಬ್ಬಿಣದ್ದೋ ಗಾಜಿಂದೋ ಏನರ ಹಿಡಕೊಂಡು ತಂತಿ ಮ್ಯಾಲ ಜಾರಸ್ರಿ. ಅದೂ ಒಂದು ಪದ್ಧತಿ ಐತಿ."

ನನ್ನ ಎಡಗೈಯ ತೋರುಬೆರಳು ಮಡಚುವುದಿಲ್ಲ. ಸಣ್ಣವಳಿದ್ದಾಗ ಉಗುರುಸುತ್ತು ಆಗಿ ಸೆಟೆದು ನಿಂತದ್ದು, ಇನ್ನೂ ಹಾಗೇ ಎಲ್ಲರಿಗೂ ದಾರಿ ತೋರಿಸುತ್ತಿದೆ. ಬಾಗಿದ ಕುತ್ತಿಗೆಯ ಗಿಟಾರು, ಬಾಗದ ಬೆರಳಿನ ನಾನು. ಜಾತಕ ಕೂಡಿತು.

ಜಾರಿಸಲಿಕ್ಕೆ ಏನು ಹಿಡಿಯಬೇಕು ಎಂಬುದಕ್ಕೇ ಒಂದು ತಿಂಗಳು ಹೋಯಿತು. ಔಷಧದ ಬಾಟಲಿ ಹಿಡಿದೆ, ಹಗುರವಾಯಿತು. ಲಟ್ಟಣಿಗೆ ಹಿಡಿದೆ, ಕಟ್ಟಿಗೆಯಿಂದ ಸದ್ದೇ ಏಳಲಿಲ್ಲ. ಒಂದು ದಿನ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಕಣ್ಣು ಹೋಯಿತು. ಬೆಳ್ಳಿಯದು, ನುಣುಪು, ಭಾರ ಸರಿಯಾಗಿತ್ತು. ಮರುಗಳಿಗೆಯಲ್ಲೇ ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯಿತೆಂದೆ. ಆದರೆ ಭಾರ ಸರಿಯಾಗಿದ್ದದ್ದು ಸುಳ್ಳಲ್ಲ. ಆಮೇಲೆ ಕುಟ್ಟಾಣಿಯ ಗೂಟ ಹೊಳೆಯಿತು. ಅದನ್ನು ಹಿಡಿದು ಜಾರಿಸಿದರೆ ತುಳಿಸಿಕೊಂಡ ನಾಯಿ ಕೂಗಿದಂತಾಯಿತು. ನಮ್ಮ ಮನೆಯವರು ಅಂಗಳದಿಂದ ತಲೆ ಎತ್ತಿ, "ನಾಯಿಗಿ ಯಾರರ ಒಂದು ರೊಟ್ಟಿ ಹಾಕ್ರಿ" ಅಂದರು. ಮಂದ ಕಿವಿಗೂ ಕೇಳುವಂಥದು ಬಂತಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ಫೋನಿನಲ್ಲಿ ಟೀಚರ್ ಹೇಳಿಕೊಟ್ಟಳು. ಒತ್ತಬಾರದು, ಗೂಟ ತನ್ನ ಭಾರಕ್ಕೆ ತಾನು ತಂತಿಯ ಮೇಲೆ ಮಲಗಬೇಕು. ಕುತ್ತಿಗೆಯ ಮೇಲಿರುವ ಗೆರೆಗೆ ನೇರ ಮೇಲೆ ನಿಲ್ಲಬೇಕು, ಒಂದು ಎಳೆ ಹಿಂದಾದರೂ ಸ್ವರ ಕುಂಟುತ್ತದೆ. ಗೂಟದ ಹಿಂದಿರುವ ಬೆರಳುಗಳನ್ನು ತಂತಿಗೆ ಹಗುರ ತಾಗಿಸಿದರೆ ಗೊರಗೊರ ನಿಲ್ಲುತ್ತದೆ. ಎಳೆಯ ಲೆಕ್ಕ ನನಗೆ ಹೊಸದಲ್ಲ, ಆದರೆ ಒತ್ತದೆ ಕೆಲಸ ಮಾಡುವುದು ಹೊಸದು. ನಾನು ಯಾವುದನ್ನೂ ಒತ್ತದೆ ಬಿಟ್ಟವಳಲ್ಲ. ಮಾತನ್ನೂ.

ಆ ಒತ್ತಿದ ಮಾತನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಭಾವನ ಹೆಂಡತಿ ನಾಗಮ್ಮ, ನನಗಿಂತ ಆರು ವರ್ಷ ದೊಡ್ಡವಳು, ಮಕ್ತಲದಲ್ಲಿ ಮಗಳ ಮನೆಯಲ್ಲಿರುತ್ತಾಳೆ. ನಮ್ಮತ್ತೆ ಹಾಡುತ್ತಿದ್ದ ಪದಗಳೆಲ್ಲ ಅವಳ ಬಾಯಲ್ಲೇ ಉಳಿದದ್ದು. ಶ್ರಾವಣ ಸೋಮವಾರ ಬಂತೆಂದರೆ ಮಕ್ತಲದಿಂದ ಬಸ್ಸು ಹತ್ತಿ ಬಂದು ನಮ್ಮ ಮಠದಲ್ಲಿ ಭಜನೆಗೆ ಮುಂದಾಳಾಗಿ ಕೂಡುತ್ತಿದ್ದಳು. ಆ ವರ್ಷ ಮೇಲಿನ ಸಾಲಿಗೆ ಹೋದಾಗ ಧ್ವನಿ ಒಡೆಯಿತು. ಮತ್ತೆ ಎತ್ತಿದಳು, ಮತ್ತೆ ಒಡೆಯಿತು. ಎಲ್ಲರೂ ಕೇಳದವರಂತೆ ತಾಳ ಹಾಕಿದರು. ನಾನೊಬ್ಬಳು ಅಂದೆ:

"ಅಕ್ಕಾ, ನಿನ್ನ ಗಂಟಲ ಬಿರುಕು ಬಿಟ್ಟೈತಿ. ಇನ್ನ ತಾಳ ಹಾಕಿದ್ರ ಸಾಕು."

ಹತ್ತು ಹದಿನೈದು ಹೆಂಗಸರ ಮುಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ ಎಂದುಕೊಂಡೆ. ನಾಗಮ್ಮ ತಾಳ ಕೆಳಗಿಟ್ಟಳು, ಸೆರಗು ಸರಿ ಮಾಡಿಕೊಂಡಳು, ಎದ್ದು ಬಸ್ ಸ್ಟ್ಯಾಂಡಿಗೆ ಹೋದಳು. ಆಮೇಲೆ ಮಠದಲ್ಲೂ ಹಾಡಲಿಲ್ಲ, ಮನೆಯಲ್ಲೂ ಹಾಡಲಿಲ್ಲ. ಮರಿಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಮಗಳು ಕಾಲು ಹಿಡಿದರೂ ಬಾಯಿ ಬಿಚ್ಚಲಿಲ್ಲವಂತೆ. ಅದನ್ನು ಕೇಳಿದ ಮೇಲೆ ನನಗೆ ಉಂಡ ಅನ್ನ ಒಂದೆರಡು ದಿನ ಮೈಗೆ ಹತ್ತಲಿಲ್ಲ. ಆದರೂ ಹೋಗಿ ತಪ್ಪಾಯಿತು ಎನ್ನುವ ಚಾಳಿ ನನಗಿಲ್ಲ. ಆಗ ಗಿಟಾರು ಬಂತು, ಅದರ ಮೇಲೆ ಬಿದ್ದೆ.

ಗಿಟಾರಿಗೆ ಆರು ತಂತಿ. ಅವನ್ನು ಬಿಗಿಯುವ ಒಂದು ರೂಢಿ ಇದೆ. ಆ ರೂಢಿಯಂತೆ ಬಿಗಿದು ಸುಮ್ಮನೆ ಕೈಯಾಡಿಸಿದರೆ ಆರೂ ಆರು ಮಾತಾಡುತ್ತವೆ, ನಳದ ಹತ್ತಿರ ಕೊಡ ಹಿಡಿದ ಹೆಂಗಸರ ಹಾಗೆ. ಜಾರಿಸುವವರು ಹಾಗೆ ಬಿಡುವುದಿಲ್ಲವಂತೆ. ಕೆಲವು ತಂತಿಗಳನ್ನು ಸಡಿಲಿಸಿ ಆರಕ್ಕೂ ಒಂದೇ ಮಾತು ಕಲಿಸುತ್ತಾರೆ. ಆಗ ಗೂಟ ಎಲ್ಲಿಟ್ಟರೂ ಮಾತು ಕೂಡಿಯೇ ಇರುತ್ತದೆ. ಟೀಚರ್ ಹೋಗುವ ಮುಂಚೆ ಹಾಗೆ ಕಟ್ಟಿಕೊಟ್ಟಿದ್ದಳು. ಹಾಗೇ ಇಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಮಠದ ಹಾರ್ಮೋನಿಯಂ ಬಾರಿಸುವ ಅಯ್ಯನವರಿಗೆ ಶ್ರುತಿ ಹಿಡಿಯಲು ಆ ಪೆಟ್ಟಿಗೆಯಲ್ಲಿ ಒಂದೇ ಮನೆ ಗೊತ್ತು. ಯಾರು ಹಾಡಲಿ, ಯಾವ ಪದವೇ ಇರಲಿ, ಅದೇ ಮನೆಯಿಂದ ಶುರು. ಮೂವತ್ತು ವರ್ಷ ಕೇಳಿ ಕೇಳಿ ನಮಗೆಲ್ಲ ಅದೇ ಶ್ರುತಿ, ಉಳಿದದ್ದು ಅಪಶ್ರುತಿ. ನಾನು ಗಿಟಾರನ್ನೂ ಅಲ್ಲಿಗೇ ಏರಿಸಹೊರಟೆ. ತಂತಿ ಬಿಗಿಯುವ ಕಿವಿ ತಿರುವಿದೆ, ತಂತಿ ಹರಿಯಿತು. ಹೊಸದು ತರಿಸಿ ಕಟ್ಟಿ ತಿರುವಿದೆ. ಹರಿದು ಗಲ್ಲಕ್ಕೆ ಬಡಿಯಿತು. ಮೂರನೆಯ ಸಲ ಕುಳಿತು ಯೋಚನೆ ಮಾಡಿದೆ. ಯೋಚನೆ ಮಾಡಿದ್ದೇ ತಪ್ಪು.

ನೇಯುವವರ ಮನೆಯಲ್ಲಿ ಎಳೆ ಹರಿದರೆ ಒಂದೇ ಮಾತು: ಗಂಜಿ ಸಾಲದು. ಹತ್ತಿಯ ಹಾಸಿನ ಎಳೆಗಳನ್ನು ಬೀದಿಯುದ್ದ ಬಿಗಿದು, ಕುಂಚದಿಂದ ಗಂಜಿ ಹಚ್ಚಿ, ಬಿಸಿಲಿಗೆ ಆರಿಸಿದರೆ ಎಳೆಗೆ ಬಲ ಬರುತ್ತದೆ. ಐವತ್ತು ವರ್ಷ ನನ್ನ ಕೈ ಮಾಡಿದ್ದು ಇದನ್ನೇ. ಅಕ್ಕಿ ಗಂಜಿ ಕಾಯಿಸಿದೆ, ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟೆ, ಸಣ್ಣ ಕುಂಚ ತೆಗೆದುಕೊಂಡು ಆರೂ ತಂತಿಗೆ ಎರಡು ಕೈ ಹಚ್ಚಿದೆ. ಗಿಟಾರನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಮಲಗಿಸಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಮೇಲೊಂದು ಚಹಾ ಕುಡಿದೆ.

ಸಂಜೆಗೆ ಹೋಗಿ ನೋಡಿದರೆ ಇರುವೆಗಳು ಸಾಲುಗಟ್ಟಿ ಗಿಟಾರಿನ ಹೊಟ್ಟೆಯೊಳಗೆ ಹೋಗಿ ಬಂದು ಮಾಡುತ್ತಿದ್ದವು. ಬಾರಿಸಿದರೆ ಕೌದಿ ಹೊದ್ದು ಕೆಮ್ಮಿದಂಥ ಸದ್ದು. ಎರಡು ದಿನಕ್ಕೆ ತಂತಿಯೆಲ್ಲ ಕೆಂಪು ತುಕ್ಕು. ಗಿಟಾರನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಗದ್ವಾಲಿಗೆ ಹೋದೆ. ಟೀಚರ್ ಬಿಚ್ಚಿ ನೋಡಿ, ಬೆರಳಿಂದ ಕೆರೆದು, ಮೂಸಿದಳು.

"ಏಂದಮ್ಮಾ ಇದು? ಅನ್ನ ತಿನಸೀರೇನು ಇದಕ್ಕ?"

"ಗಂಜಿ ಅಷ್ಟ. ಎಳಿ ಹರೀಬಾರದು ಅಂತ."

ಗೋಡೆ ಹಿಡಿದುಕೊಂಡು ನಕ್ಕಳು. ಅವಳ ಅತ್ತೆಯನ್ನು ಕರೆದು ತೋರಿಸಿದಳು. ಅವರೂ ನೇಯುವವರು, ಅತ್ತೆ ಗಂಭೀರವಾಗಿ ನೋಡಿ, "ಗಂಜಿ ಜರಾ ದಪ್ಪಾತು" ಅಂದರು. ಅಷ್ಟಾದರೂ ನನ್ನ ಮಾನ ಉಳಿಯಿತು.

ಹೊಸ ತಂತಿ ಕಟ್ಟುತ್ತ ಟೀಚರ್ ಕೇಳಿದಳು, "ಅಷ್ಟು ಎತ್ತರಕ್ಕ ಯಾಕ ಎಳೀತೀರಿ ಅಮ್ಮಾ?"

"ನಮ್ಮ ಮಠದ ಪೆಟಗಿ ಅಲ್ಲೇ ಐತಿ."

"ಪೆಟಗಿ ಇಳಿಯಾಕ ಬರಲ್ಲ ಅಂತ ತಂತಿ ಹರಕೋಬೇಕೇನು? ಇದಕ್ಕ ಕಿವಿ ಅದಾವಲ್ಲ. ಹಾಡೋರ ಗಂಟಲ ಎಲ್ಲೈತೋ ಅಲ್ಲಿಗಿ ಇಳಸ್ರಿ."

ಅವಳು ಸುಮ್ಮನೆ ಅಂದಳು. ನಾನು ಚಹಾದ ಬಸಿ ಹಿಡಿದು ಹಾಗೇ ಕುಳಿತೆ. ಮೂವತ್ತು ವರ್ಷದಲ್ಲಿ ನಾಗಮ್ಮನ ಗಂಟಲು ಇಳಿದಿತ್ತು, ಎಲ್ಲರದೂ ಇಳಿಯುತ್ತದೆ. ಪೆಟ್ಟಿಗೆ ಇದ್ದಲ್ಲೇ ಇತ್ತು. ನಾವು ಅವಳನ್ನು ಅಲ್ಲಿಗೇ ತಿರುವಿ ತಿರುವಿ ಎಳೆದಿದ್ದೆವು, ಹರಿದಾಗ ಗಂಟಲಿಗೆ ಬೈದಿದ್ದೆವು. ಬೈದದ್ದು ನಾವಲ್ಲ, ನಾನು.

ಒಂದು ಭಾನುವಾರ ಮಕ್ತಲದ ಬಸ್ಸು ಹತ್ತಿದೆ. ಸೀರೆ ಸುತ್ತಿದ ಗಿಟಾರು ತೊಡೆಯ ಮೇಲೆ. ಪಕ್ಕದ ಹೆಂಗಸು ಸರಿದು ಜಾಗ ಕೊಟ್ಟು, "ಕೂಸು ಮಲಗೈತೇನವಾ?" ಎಂದಳು. "ಹೂಂ, ಎದ್ರ ನಿನಗ ಕಷ್ಟ" ಎಂದೆ. ಮಕ್ತಲ ಬರುವವರೆಗೆ ಅವಳು ಜೋರಾಗಿ ಉಸಿರಾಡಲಿಲ್ಲ.

ನಾಗಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ನಾನೇ ಚಾಪೆ ಎಳೆದುಕೊಂಡು ಕುಳಿತು ಗಿಟಾರು ಬಿಚ್ಚಿದೆ.

"ಏನಿದು, ನಿನ್ನ ಸೊಕ್ಕಿಗಿ ತಂತಿ ಕಟ್ಟಿಸೀಯೇನು?"

"ಅತ್ತಿ ಪದ ಒಂದು ಹಾಡು ಅಕ್ಕಾ."

"ಬಿರುಕು ಬಿಟ್ಟ ಗಡಿಗಿ ಮುಂದ ಯಾಕ ಕುಂತೀದಿ? ನೀನ ಹಾಡು."

ಹಾಡಿದೆ. ನನ್ನ ಧ್ವನಿಯ ಬಗ್ಗೆ ನಾನು ಬರೆಯುವುದಕ್ಕಿಂತ ನೀವೇ ಊಹಿಸಿಕೊಳ್ಳುವುದು ಮೇಲು. ಅತ್ತೆಯ ಪದದ ಎರಡನೆಯ ಸಾಲು ತಪ್ಪಿದೆ, ಗೂಟ ಗೆರೆ ದಾಟಿ ಎಲ್ಲಿಗೋ ಹೋಯಿತು, ಅದನ್ನು ಹಿಡಿಯಲು ಧ್ವನಿಯೂ ಹೋಯಿತು. ನಾಗಮ್ಮನ ಹೊಟ್ಟೆ ಅಲುಗಾಡತೊಡಗಿತು. ಶೇಂಗಾದ ಮೊರ ಕೆಳಗಿಟ್ಟಳು.

"ಸಾಕು ಮಾಡವಾ. ಅತ್ತಿ ಎದ್ದು ಬರತಾಳ."

"ಹಂಗಾದ್ರ ನೀ ಹೇಳಿಕೊಡು."

"ಎತ್ತರ ಆತು. ಇಳಸು."

ಇಳಿಸಿದೆ. ಗುನುಗಿದಳು. "ಇನ್ನೂ." ಇಳಿಸಿದೆ. "ಇನ್ನೂ." ತಂತಿಗಳು ಸಡಿಲಾಗಿ ಕುತ್ತಿಗೆಗೆ ಬಡಿಯತೊಡಗಿದವು. ಮೊರದಲ್ಲಿದ್ದ ಒಂದು ಕಡ್ಡಿಯನ್ನು ಗಿಟಾರಿನ ತಲೆಯ ಹತ್ತಿರ ತಂತಿಯ ಕೆಳಗೆ ಸೇರಿಸಿ ಎತ್ತರಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಅದೊಂದು ತಂತಿ ಹಲ್ಲು ಕಿಸೀತೈತಿ. ಇದು ಅಳೂ ಪದ."

ಸಣ್ಣ ತಂತಿಯಿಂದ ಎಣಿಸಿದರೆ ಮೂರನೆಯದು. ಟೀಚರ್ ಅದನ್ನು ನಗುವಂತೆ ಕಟ್ಟಿದ್ದಳು. ಕೂದಲೆಳೆ ಕೂದಲೆಳೆಯಾಗಿ ಸಡಿಲಿಸಿದೆ. ಒಂದು ಕಡೆ ಬಂದು ಅದು ಬಾಯಿ ಮುಚ್ಚಿತು. ನಾಗಮ್ಮ ಅಲ್ಲಿಂದ ಎತ್ತಿದಳು. ಮೇಲಿನ ಸಾಲಿಗೆ ಹೋದಳು, ಹಿಂದೆ ಒಡೆದ ಜಾಗ ದಾಟಿದಳು, ಇಳಿದಳು. ಹಸಿ ಗೋಡೆಯ ಮೇಲೆ ಕೈಯಾಡಿಸಿದಂಥ ಧ್ವನಿ. ಬಾಗಿಲಲ್ಲಿ ಮಗಳು ಬಂದು ನಿಂತದ್ದನ್ನು ಇಬ್ಬರೂ ನೋಡದಂತೆ ಮಾಡಿದೆವು. ಪೂರ್ತಿ ಪದ ಮುಗಿಸಿ ನಾಗಮ್ಮ ಮೊರ ಮತ್ತೆ ಎತ್ತಿಕೊಂಡಳು.

"ಅಕ್ಕಾ, ಅವತ್ತು ನಾ ಅಂದದ್ದು," ಎಂದು ನಾನು ಬಾಯಿ ತೆರೆದೆ.

"ಇಲ್ಲಿ ಅಂದಿದ್ದೇನು ನೀನು? ಅಂದಲ್ಲಿ ಹೋಗಿ ಅನ್ನು."

ಅಷ್ಟೇ. ಆಮೇಲೆ ರೊಟ್ಟಿ, ಪುಂಡಿಪಲ್ಯ ಹಾಕಿದಳು. ಅಲ್ಲೇ ಮಲಗಿದೆ.

ಈಗ ನನಗೆ ಎಪ್ಪತ್ತು. ಬಾರಿಸುವುದು ಸುಧಾರಿಸಿಲ್ಲ, ಸುಳ್ಳು ಯಾಕೆ ಹೇಳಲಿ. ಆರು ತಂತಿಯನ್ನು ಹತ್ತು ಹನ್ನೆರಡು ಬಗೆಯಲ್ಲಿ ಸಡಿಲಿಸಿ ನೋಡಿದ್ದೇನೆ, ಅದರಲ್ಲಿ ಎಂಟು ಬಗೆ ದೇವರಿಗೂ ಬೇಡ. ನಾಗಮ್ಮನಿಗೆ ಎಪ್ಪತ್ತಾರು, ವರ್ಷಕ್ಕಿಷ್ಟು ಇಳಿಯುತ್ತಾಳೆ, ನಾನೂ ಹಿಂದೆ ಹಿಂದೆ ಇಳಿಸುತ್ತೇನೆ. ಯಾರದಾದರೂ ಧ್ವನಿ ಒಡೆದರೆ ಈಗ ಮೊದಲು ನನ್ನ ಕೈ ಗಿಟಾರಿನ ಕಿವಿಗೆ ಹೋಗುತ್ತದೆ, ಬಾಯಿ ಆಮೇಲೆ.

ಮಕ್ತಲದಲ್ಲಿ ಮಲಗಿದ ಆ ರಾತ್ರಿಯ ಮರುದಿನ ಸೋಮವಾರ. ಮೊದಲ ಬಸ್ಸಿಗೆ ನಾರಾಯಣಪೇಟೆಯಲ್ಲಿಳಿದು ಮನೆಗೆ ಹೋಗದೆ ನೇರ ಮಠಕ್ಕೆ ಹೋದೆ. ಹೆಂಗಸರು ನೆಲ ಸಾರಿಸಿ ಹೂ ಕಟ್ಟುತ್ತ ಕುಳಿತಿದ್ದರು. ನಿಂತಲ್ಲೇ ಹೇಳಿದೆ, "ನಾಗಮ್ಮಕ್ಕನ ಗಂಟಲ ನೆಟ್ಟಗೈತಿ. ನಮ್ಮ ಪೆಟಗಿ ಎತ್ತರ ಐತಿ. ಶ್ರಾವಣದಾಗ ನಾ ಅಂದದ್ದು ತಪ್ಪು."

ಹೂ ಕಟ್ಟುತ್ತಿದ್ದ ಒಬ್ಬಳು ನನ್ನ ಕಾಲು ನೋಡಿ, "ಅದೆಲ್ಲಾ ಖರೆ. ಸಾರಿಸಿದ ನೆಲದ ಮ್ಯಾಲ ಚಪ್ಪಲಿ ಹಾಕ್ಕೊಂಡು ಬಂದೀಯಲ್ಲ" ಎಂದಳು.

ಹೊರಗೆ ಹೋಗಿ ಚಪ್ಪಲಿ ಬಿಟ್ಟೆ. ಕಾಲು ತೊಳೆದೆ. ಒಳಗೆ ಬಂದು, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.