ತನ್ನ ಗಟ್ಟಿಮೇಳ ತಾನೇ ನುಡಿಸಿದ ಪಂಪಾವತಿ

ಕಡ್ಡಿರಾಂಪುರದ ಪಂಪಾವತಿಗೆ ಯಾವ ಸದ್ದು ಕೇಳಿದರೂ ಅದನ್ನು ಬಿಚ್ಚಿ ನೋಡುವ ಚಟ. ಅವಳವ್ವ ಅಡುಗೆ ಮಾಡುತ್ತಿದ್ದ ಹೋಂಸ್ಟೇಯಲ್ಲಿ ಪ್ರವಾಸಿಯೊಬ್ಬ ಭಾರವೆಂದು ಹಳೆಯ ಸಿಂಥಸೈಜರ್ ಎಂಬ ಕರೆಂಟಿನ ವಾದ್ಯದ ಪೆಟ್ಟಿಗೆಯೊಂದನ್ನು ಬಿಟ್ಟುಹೋದ. ಅದು ಕೈಗೆ ಸಿಕ್ಕಿದ್ದೇ ತಡ, ಕಬ್ಬಿನ ಗಾಣ, ಬಸ್ಸಿನ ಹಾರ್ನ್, ಪಕ್ಕದ ಮನೆಯ ಎಮ್ಮೆ ಎಲ್ಲವೂ ಅದರಿಂದ ಹೊರಬಂದವು. ಎಮ್ಮೆಯಂತೂ ಎಷ್ಟು ಸೊಗಸಾಗಿ ಬಂತೆಂದರೆ, ಕರು ಹಗ್ಗ ಹರಿದುಕೊಂಡು ಇವಳ ಪಡಸಾಲೆಗೇ ನುಗ್ಗಿತು!

ಎಮ್ಮಿಗನೂರಿನ ಸಾಗರನೊಂದಿಗೆ ಮದುವೆ ಗೊತ್ತಾದಾಗ ಅವನ ಅಜ್ಜಿ ಶಾಂತಕ್ಕ ಕಡ್ಡಿ ಮುರಿದಂತೆ ಹೇಳಿದಳು: "ಹುಡುಗಿ ಬರ್ಲಿ. ಆ ಕರೆಂಟಿನ ಪೆಟಿಗಿ ಮಾತ್ರ ನಮ್ಮನ್ಯಾಗ ಬ್ಯಾಡ."

ಪಂಪಾವತಿಗೆ ಅಳುವೇ ಬಂತು. ಸಾಗರನೂ ಬೇಕು, ಪೆಟ್ಟಿಗೆಯೂ ಬೇಕು.

ಮದುವೆ ಕಮಲಾಪುರದಲ್ಲಿ. ಮುಹೂರ್ತ ಹತ್ತಿರವಾದರೂ ಸನಾದಿ ಊದಿ ಡೋಲು ಬಡಿಯುವ ಭಜಂತ್ರಿಯವರ ಸುಳಿವಿಲ್ಲ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದರು. ಗಟ್ಟಿಮೇಳವಿಲ್ಲದೆ ತಾಳಿ ಕಟ್ಟುವಂತಿಲ್ಲವೆಂದು ಶಾಂತಕ್ಕ ಪಟ್ಟು ಹಿಡಿದಳು. ಸಂಜೆಯ ಆರ್ಕೆಸ್ಟ್ರಾಕ್ಕೆಂದು ಗೆಳತಿಯರು ತಂದಿದ್ದ ಪೆಟ್ಟಿಗೆ ಮೂಲೆಯಲ್ಲಿತ್ತು. ಬಾಸಿಂಗ ಕಟ್ಟಿಕೊಂಡೇ ಪಂಪಾವತಿ ಎದ್ದಳು.

"ಅಜ್ಜೀ, ನಾನ ಬಾರಸ್ತೀನ್ರಿ."

"ಮದುಮಗಳು ಬಾರಸೂದಾ? ಯಾವೂರಾಗ ಐತಿ ಈ ಪದ್ಧತಿ?"

"ಮುಹೂರ್ತ ಹೊಂಟೈತಿ ಅಜ್ಜಿ, ಬಾರಸ್ಲಿ ಬಿಡು," ಎಂದ ಸಾಗರ.

ಪೆಟ್ಟಿಗೆಯನ್ನು ಹಸೆಮಣೆಯ ಬಳಿಯೇ ತಂದಿಟ್ಟರು. ಮೊದಲು ಗರಗಸದ ಹಲ್ಲಿನ ಆಕಾರದ ಒರಟು ಧ್ವನಿ ಅಲೆಯನ್ನು ಆರಿಸಿಕೊಂಡಳು; ಸನಾದಿಯ ಮೂಗುದನಿ ಅದರಲ್ಲೇ ಅಡಗಿರುತ್ತದೆ. ಫಿಲ್ಟರಿನ ಗುಂಡಿ ತಿರುಗಿಸಿ, ಹಿಟ್ಟು ಜರಡಿ ಹಿಡಿದಂತೆ, ಕಿವಿಗೆ ಚುಚ್ಚುವುದನ್ನು ಸೋಸಿದಳು. ದನಿ ಥಟ್ಟನೆ ಏಳುವಂತೆ ಮಾಡಿದಳು, ಚೂರು ನಡುಕ ಬೆರೆಸಿದಳು. ಡೋಲಿನ ಬದಲು ಅಡುಗೆಯವರು ಬೋಗಾಣಿ ಕವುಚಿಕೊಂಡರು. ಬೆರಳೆತ್ತಿದ ಮೇಲೆ ಸದ್ದು ಎಷ್ಟು ಹೊತ್ತು ಉಳಿಯಬೇಕೆಂಬ ಗುಂಡಿಯೊಂದು ಬಾಕಿಯಿತ್ತು. ಅದು ಅತಿ ಹೆಚ್ಚಿನ ತುದಿಗೆ ತಿರುಗಿಕೊಂಡಿತ್ತು. ಅಷ್ಟರಲ್ಲಿ ಪುರೋಹಿತರು, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿಬಿಟ್ಟರು.

ಪಂಪಾವತಿ ನುಡಿಸಿದಳು. ಸಾಗರ ತಾಳಿ ಎತ್ತಿದ. ಅವಳು ಬೆರಳೆತ್ತಿ, ಕೈಮುಗಿದು, ತಲೆ ಬಗ್ಗಿಸಿದಳು. ಸ್ವರಗಳು ಮಾತ್ರ ಹೋಗಲೊಲ್ಲವು! ಒಂದರ ಮೇಲೊಂದು ಬಿದ್ದು, ಸನಾದಿಯವರ ದಂಡೇ ಬಂದು ಊದಿದಂತೆ ಮಂಟಪ ತುಂಬಿಕೊಂಡವು. ಗಟ್ಟಿಮೇಳ ನಿಲ್ಲುವ ಮೊದಲು ಅಕ್ಕಿಕಾಳು ಹಾಕುವುದನ್ನು ನಿಲ್ಲಿಸುವವರು ಯಾರು? ಹಾಕಿದ್ದೇ ಹಾಕಿದ್ದು. ತಟ್ಟೆ ಬರಿದಾಯಿತು. ಅಡುಗೆಮನೆಯಿಂದ ಅಕ್ಕಿಯ ಚೀಲವೇ ಬಂತು. ಬೋಗಾಣಿ ಬಡಿಯುವವರು ಬೆವರಿಳಿಸಿಕೊಂಡು ಬಡಿದರು. ಮೂರು ಗಂಟು ಹಾಕಿ ಮುಗಿಸಿದ ಸಾಗರ ನಗು ತಡೆಯಲಾರದೆ ಅವಳ ಹೆಗಲಿಗೆ ಹಣೆಯಿಟ್ಟ. ಪಂಪಾವತಿಗೂ ನಗು ಉಕ್ಕಿ ಬಾಸಿಂಗ ವಾಲಿತು. ಅಜ್ಜಿಯ ಮುಖ ನೋಡಲು ಮಾತ್ರ ಧೈರ್ಯವಾಗಲಿಲ್ಲ.

ಕೊನೆಗೂ ಸದ್ದು ಅಡಗಿತು. ತಲೆತುಂಬ ಅಕ್ಕಿ ಹೊತ್ತ ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಮದಿವ್ಯಾಗ ಕಣ್ಣು ತೆಗಿಯೂದ್ರಾಗ ತಾಳಿ ಕಟ್ಟೂದು ಮುಗದಿತ್ತು. ಮಕ್ಕಳದೂ ಹಂಗ ಆತು. ಇದೊಂದ ನೋಡವ್ವ ನಾನು ಕಣ್ತುಂಬ ನೋಡಿದ್ದು."

ಆಮೇಲೆ ಮೊಮ್ಮಗನತ್ತ ತಿರುಗಿದಳು. "ಲೇ ಸಾಗರ, ಮೊದಲು ಆ ಪೆಟಿಗಿ ಗಾಡಿಗೆ ಏರಸು. ನೀವಿಬ್ರೂ ಆಮ್ಯಾಲೆ ಹತ್ತೀರಂತ."