ಗೋಡೆ ಬಿಟ್ಟ ಚೆಂಡು

ಬೇಸ್‌ಬಾಲ್ ಹುಚ್ಚಿನ ಸ್ಯಾನ್ ಪೆದ್ರೊ ಊರಲ್ಲಿ ತೋಳು ಜೋರಿರುವವನು ಚೆಂಡೆಸೆಯುವ ಪಿಚರ್ ಆಗುತ್ತಾನೆ, ಕಾಲು ಜೋರಿರುವವನು ಮೈದಾನದ ತುಂಬ ಓಡುತ್ತಾನೆ. ಪೆಟ್ಟು ತಿನ್ನಲು ಹೆದರದವನು ಬ್ಯಾಟು ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗುತ್ತಾನೆ. ತಿಯೋಫಿಲೊ ಫಿಪ್ಸ್ ಹದಿನಾಲ್ಕು ಚಳಿಗಾಲ ಊರ ತಂಡಕ್ಕಾಗಿ ಹಾಗೆ ಕುಕ್ಕರಗಾಲಲ್ಲಿ ಕೂತ. ಬ್ಯಾಟು ಹಿಡಿದರೆ ಅಷ್ಟಕ್ಕಷ್ಟೆ. ಆದರೆ ಅವನನ್ನು ದಾಟಿ ಚೆಂಡು ಹಿಂದೆ ಹೋಗುತ್ತಿರಲಿಲ್ಲ. ಜನ ಅವನನ್ನು ಗೋಡೆ ಎಂದೇ ಕರೆದರು.

ನೆಲಕ್ಕೆ ಬಡಿದು ಪುಟಿಯುವ ಚೆಂಡನ್ನು ಹೊಸಬರು ಗ್ಲೌಸ್ ಚಾಚಿ ಹಿಡಿಯಲು ಹೋಗಿ ಪೆಚ್ಚಾಗುತ್ತಾರೆ. ತಿಯೊ ಹಿಡಿಯಲು ಹೋಗುತ್ತಲೇ ಇರಲಿಲ್ಲ. ಮಂಡಿಯೂರಿ, ಗದ್ದವನ್ನು ಎದೆಗೆ ಒತ್ತಿ, ಮೈಯನ್ನೇ ಅಡ್ಡ ಒಡ್ಡುತ್ತಿದ್ದ. ಅಂಪೈರ್ ನಿಲ್ಲುವುದು ಕ್ಯಾಚರನ ಬೆನ್ನ ಹಿಂದೆ. ಇವನು ತಪ್ಪಿದರೆ ಏಟು ಬೀಳುವುದು ಆ ಬಡಪಾಯಿಗೆ. ಆದ್ದರಿಂದ ಒಳ್ಳೆಯ ಕ್ಯಾಚರ್, ತನ್ನೊಡನೆ ಜಗಳವಾಡಿದ ಅಂಪೈರನನ್ನೂ ಕಾಯುತ್ತಾನೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು.

ಒಂದು ಸಂಜೆ ಅಂಪೈರ್ ಅನ್ಸೆಲ್ಮೊ, ಗೆರೆಯೊಳಗೇ ಬಂದ ಮೂರು ಒಳ್ಳೆಯ ಚೆಂಡುಗಳನ್ನು ಸ್ಟ್ರೈಕ್ ಅಲ್ಲ, ಹೊರಗೆ ಬಿದ್ದವು ಎಂದುಬಿಟ್ಟ.

“ಕಣ್ಣು ಮನೇಲಿ ಬಿಟ್ಟು ಬಂದ್ರಾ, ದೋನ್ ಅನ್ಸೆಲ್ಮೊ?” ಎಂದು ತಿಯೊ ಗೊಣಗಿದ.

“ಹೊರಗೆ ಬಿದ್ದ ಚೆಂಡನ್ನ ಒಳಗೆ ಎಳ್ಕೊಂಡು ತೋರಿಸ್ತೀಯ. ಗೋಡೆಯಂತೆ ಗೋಡೆ! ಕನ್ನ ಹಾಕೋ ಕಳ್ಳ ನೀನು,” ಎಂದ ಅನ್ಸೆಲ್ಮೊ. ಬ್ಯಾಟು ಹಿಡಿದು ನಿಂತಿದ್ದವನು ಕಿಸಕ್ಕೆಂದ.

ತಿಯೊಗೆ ಮೈಯೆಲ್ಲ ಉರಿಯಿತು. ಮೇಲಕ್ಕೆ ಜೋರಾಗಿ ಎಸೆ ಎಂದು ಪಿಚರ್‌ಗೆ ಬೆರಳಲ್ಲಿ ಸನ್ನೆ ಮಾಡಿದ. ಚೆಂಡು ಬಂತು. ಗ್ಲೌಸನ್ನು ನಾಲ್ಕು ಬೆರಳಿನಷ್ಟು ಕೆಳಗೆ ಹಿಡಿದ, ಅಷ್ಟೇ. ಹಿಂದೆ ಒಣಕಟ್ಟಿಗೆ ಮುರಿದ ಸದ್ದಾಯಿತು.

ಅನ್ಸೆಲ್ಮೊನ ಮುರಿದ ಬಲಹೆಗಲ ಮೂಳೆ ಕೂಡಿಕೊಂಡಿತು, ಕೈ ಮಾತ್ರ ಮೇಲೇಳಲಿಲ್ಲ. ಕೈಯೆತ್ತಿ ಸ್ಟ್ರೈಕ್ ಎನ್ನಲಾಗದ ಅಂಪೈರ್ ಯಾರಿಗೆ ಬೇಕು? ಶಾಲೆಯೊಂದರ ಗೇಟು ಕಾಯುವ ಕೆಲಸಕ್ಕೆ ಸೇರಿದ. ಜನ ತಿಯೊನನ್ನೇ ಸಂತೈಸಿದರು: “ಆನೆಯಂಥದ್ದೂ ಮುಗ್ಗರಿಸುತ್ತೆ ಮಾರಾಯ, ಬಿಡು.” ಆಸ್ಪತ್ರೆಗೆ ಹೊತ್ತುಕೊಂಡು ಓಡಿದವನೂ ಅವನೇ ಅಲ್ಲವೆ? ಆ ಉಪಕಾರ ನೆನೆದು ಅನ್ಸೆಲ್ಮೊ, ಮುಂದಿನ ತಿಂಗಳು ಹುಟ್ಟಿದ ಮಗಳ ಜ್ಞಾನಸ್ನಾನದಲ್ಲಿ ಅವನನ್ನೇ ಪಾದ್ರಿನೊ ಮಾಡಿಕೊಂಡ. ದೇವರೆದುರು ಕೂಸನ್ನು ಎತ್ತಿಕೊಂಡು, ಅದಕ್ಕೆ ಎರಡನೆಯ ತಂದೆಯಾದ ತಿಯೊ. ಗಂಡಸರಿಬ್ಬರೂ ಅಂದಿನಿಂದ ಒಬ್ಬರಿಗೊಬ್ಬರು ಕೊಂಪಾದ್ರೆ. ಒಡಹುಟ್ಟಿದವರಿಗಿಂತ ಹತ್ತಿರದ ನಂಟು ಅದು.

ಯೊಕಾಸ್ತ ಎಂಬ ಆ ಹುಡುಗಿ ಎದುರಾದಾಗಲೆಲ್ಲ “ಆಶೀರ್ವಾದ ಮಾಡಿ, ಪಾದ್ರಿನೊ” ಎನ್ನುತ್ತಿದ್ದಳು. “ದೇವರು ಒಳ್ಳೇದು ಮಾಡ್ಲಿ ಮಗಳೇ” ಎನ್ನಲೇಬೇಕು. ಹನ್ನೆರಡು ವರ್ಷ ಅಂದ. ಪ್ರತಿ ಸಲವೂ, ಇವಳಪ್ಪನ ಅನ್ನ ಕಿತ್ತ ಪಾಪಿ ನಾನು, ನನ್ನ ಬಾಯಲ್ಲಿ ದೇವರ ಹೆಸರೇಕೆ ಎಂದು ಒಳಗೊಳಗೇ ಬೇಯುತ್ತಿದ್ದ.

ಒಂದು ಭಾನುವಾರ ಅನ್ಸೆಲ್ಮೊನ ಮನೆಯ ಮುಂದೆ ಡೊಮಿನೊ ಆಡುತ್ತ ಕೂತಿದ್ದಾಗ ತಡೆಯಲಾಗಲಿಲ್ಲ.

“ಕೊಂಪಾದ್ರೆ, ಆ ಚೆಂಡು ತಪ್ಪಿದ್ದಲ್ಲ. ನಾನೇ ಬಿಟ್ಟಿದ್ದು. ಬೇಕಂತಲೇ.”

ಅನ್ಸೆಲ್ಮೊ ಎಡಗೈಯಲ್ಲಿದ್ದ ಕಾಯಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ತಿಯೊ ಕಾದ. ಹೊಡೆದಿದ್ದರೆ ಚೆನ್ನಾಗಿತ್ತು.

“ಹಣೆಬರಹಕ್ಕೆ ಹೊಣೆ ಯಾರು ಅಂದ್ಕೊಂಡು ಇಷ್ಟು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ ಕಣೋ,” ಎಂದ ಅನ್ಸೆಲ್ಮೊ. “ನೀನು ನಿನ್ನ ಹೊರೆ ಇಳಿಸ್ಕೊಂಡೆ, ಸರಿ. ಇನ್ಮೇಲೆ ನಾನು ಏನಂದ್ಕೊಂಡು ಮಲಗ್ಲಿ?”

ತಿಯೊ ಮೊದಲ ಪೆಟ್ಟನ್ನು ಸಿಟ್ಟಿನಲ್ಲಿ ಕೊಟ್ಟಿದ್ದ. ಎರಡನೆಯದನ್ನು ನನ್ನ ಸುಖಕ್ಕಾಗಿ ಕೊಟ್ಟೆ ಎಂಬುದು ಆಗ ಹೊಳೆಯಿತು.

ಯೊಕಾಸ್ತ ಎರಡು ಲೋಟ ಕಾಫಿ ತಂದಳು. “ಯಾಕಪ್ಪಾ, ಆಟ ನಿಲ್ಲಿಸಿಬಿಟ್ರಿ?”

“ಒಂದು ಲೋಟ ಒಳಗೆ ತಗೊಂಡು ಹೋಗಮ್ಮ,” ಎಂದ ಅನ್ಸೆಲ್ಮೊ. “ನಿನ್ನ ಪಾದ್ರಿನೊ ಹೊರಟಿದ್ದಾರೆ.”